ಓಡಿನ್ ಭಕ್ತರ ಬಗ್ಗೆ ಓದಲು ಹೊರಟವರಿಗೆ

ಕೊಡಗಿನ ವಿರಾಜಪೇಟೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗಲೂ ಡಿಗ್ರಿ ಓದುವ ಮಕ್ಕಳು ಪುಸ್ತಕ ಕೇಳಿಕೊಂಡು ಮನೆಗೆ ಬರುತ್ತಾರೆ. ಇತ್ತೀಚೆಗೆ ಹಲವರ ಕೊರಳಲ್ಲಿ ಥಾರ್‌ನ ಸುತ್ತಿಗೆಯ ಪದಕ. ಓಡಿನ್, ಥಾರ್ ಇಬ್ಬರೂ ಕ್ರೈಸ್ತ ಧರ್ಮ ಬರುವ ಮುಂಚೆ ಉತ್ತರ ಯುರೋಪಿನವರು ಪೂಜಿಸುತ್ತಿದ್ದ ದೇವರುಗಳು. "ಮೇಡಂ, ಯುರೋಪಿನಲ್ಲಿ ಚರ್ಚು ಬಿಟ್ಟು ಓಡಿನ್‌ನನ್ನು ಪೂಜಿಸುವವರಿದ್ದಾರಂತೆ. ಅವರೂ ನಮ್ಮ ಹಾಗೇ ಹಿರಿಯರನ್ನು ನೆನೆಯುತ್ತಾರಂತೆ" ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಓದನ್ನು ಈ ಹೋಲಿಕೆಯಿಂದ ಶುರು ಮಾಡಬೇಡಿ.

ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಗುರುಕಾರಣರಿಗೆ (ಕುಲದ ಹಿರಿಯರಿಗೆ) ಮೀದಿ ಎಂಬ ಎಡೆ ಇಡುವಾಗ ಎಲೆ ಹೇಗೆ ಹಾಸಬೇಕು, ಮೊದಲು ಏನು ಬಡಿಸಬೇಕು, ಯಾರು ಮುಂದೆ ನಿಲ್ಲಬೇಕು ಎಂಬುದನ್ನು ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿತರು. ಓಡಿನ್ ಭಕ್ತರಿಗೆ ಹಾಗೆ ನೋಡಿ ಕಲಿಯಲು ಯಾರೂ ಉಳಿದಿರಲಿಲ್ಲ. ಶತಮಾನಗಳ ಹಿಂದೆಯೇ ಸರಪಳಿ ಕಡಿದಿತ್ತು. ಉಳಿದದ್ದು ಪುಸ್ತಕ, ಅದರಲ್ಲೂ ಹೆಚ್ಚಿನದು ಕ್ರೈಸ್ತರು ಬರೆದಿಟ್ಟದ್ದು. ಆದ್ದರಿಂದ ಯಾವ ಪುಟ ತೆರೆದರೂ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಬರೆದವರು ಯಾರು, ಎಷ್ಟು ಕಾಲದ ಮೇಲೆ?

ಓದು ಶುರುವಾಗಬೇಕಾದದ್ದು ಐಸ್‌ಲ್ಯಾಂಡಿನಿಂದ, ಕ್ರಿ.ಶ. 1000ರ ಆಸುಪಾಸಿನಿಂದ. ಆಲ್‌ಥಿಂಗ್ ಎಂಬ ಅವರ ಮಹಾಸಭೆ ಕ್ರೈಸ್ತರು, ಹಳೆಯ ದೇವರುಗಳ ಪಕ್ಷದವರು ಎಂದು ಎರಡಾಗಿ ಒಡೆಯುವುದರಲ್ಲಿತ್ತು. ನಾರ್ವೆಯ ಕ್ರೈಸ್ತ ರಾಜ ಓಲಾಫ್ ಟ್ರಿಗ್ವಸನ್ ಅತ್ತ ಐಸ್‌ಲ್ಯಾಂಡಿನವರನ್ನು ಒತ್ತೆಯಾಳುಗಳಾಗಿ ಹಿಡಿದಿಟ್ಟುಕೊಂಡಿದ್ದ. ತೀರ್ಪು ಕೊಡುವ ಹೊಣೆ ಬಿದ್ದದ್ದು ಥೋರ್‌ಗೇರ್ ಎಂಬ ಕಾನೂನು ಹೇಳುವವನ ಮೇಲೆ. ಅವನು ಹಳೆಯ ದೇವರುಗಳ ಪಕ್ಷದವನು. ಒಂದು ಹಗಲು, ಒಂದು ರಾತ್ರಿ ಹೊದಿಕೆಯೊಳಗೆ ಮಾತಿಲ್ಲದೆ ಮಲಗಿದ್ದು ಎದ್ದು ಹೇಳಿದ: ಎಲ್ಲರೂ ದೀಕ್ಷಾಸ್ನಾನ ಪಡೆಯಲಿ, ಆದರೆ ಕುದುರೆ ಮಾಂಸ ತಿನ್ನಬಹುದು, ಗುಟ್ಟಾಗಿ ಬಲಿಯನ್ನೂ ಕೊಡಬಹುದು. ಆ ರಿಯಾಯಿತಿ ಬಹಳ ವರ್ಷ ಉಳಿಯಲಿಲ್ಲ. ಬೆದರಿಕೆ, ರಾಜಿ ಎರಡೂ ಇದ್ದ ಈ ಪ್ರಸಂಗವನ್ನು ಪೂರ್ತಿ ಓದಿದವರು 'ಕತ್ತಿಯಿಂದ ಮತಾಂತರ' ಎಂದೋ 'ಪ್ರೀತಿಯಿಂದ ಮತಾಂತರ' ಎಂದೋ ಒಂದೇ ಸಾಲಿನಲ್ಲಿ ಮುಗಿಸಲಾರರು.

ಆಮೇಲೆ ಎರಡು ಎಡ್ಡಗಳು, ಅಂದರೆ ಈ ಹಳೆಯ ದೇವರುಗಳ ಕಥೆ ಹೇಳುವ ಐಸ್‌ಲ್ಯಾಂಡಿನ ಗ್ರಂಥಗಳು. ಗದ್ಯ ಎಡ್ಡವನ್ನು ಸುಮಾರು 1220ರಲ್ಲಿ ಬರೆದ ಸ್ನೋರಿ ಸ್ಟರ್ಲುಸನ್ ಕ್ರೈಸ್ತ. ಪೀಠಿಕೆಯಲ್ಲಿ ಅವನು ಓಡಿನ್‌ನನ್ನು ದೇವರೆಂದು ಒಪ್ಪುವುದಿಲ್ಲ. ಟ್ರಾಯ್ ಕಡೆಯಿಂದ ಬಂದ ರಾಜ, ಜನ ಅವನನ್ನು ದೇವರು ಮಾಡಿದರು ಅನ್ನುತ್ತಾನೆ. ಪೀಠಿಕೆ ಬೇಸರವೆಂದು ಹಾರಿಸಿದರೆ ಕೀಲಿಯೇ ಕೈತಪ್ಪುತ್ತದೆ. ಪದ್ಯ ಎಡ್ಡದ ಮುಖ್ಯ ಹಸ್ತಪ್ರತಿ ಸುಮಾರು 1270ರದು. ಅದರಲ್ಲಿ 'ಹಾವಮಾಲ್' ಎಂಬ ಕಾವ್ಯದ 138ನೇ ಪದ್ಯವನ್ನು ನಿಧಾನವಾಗಿ, ಜೋರಾಗಿ ಓದಿ. ಓಡಿನ್ ಗಾಳಿಗೆ ತೂಗುವ ಮರದಲ್ಲಿ ಒಂಬತ್ತು ರಾತ್ರಿ ನೇತಾಡುತ್ತಾನೆ, ಈಟಿಯ ಗಾಯ ಹೊತ್ತು, ತನ್ನನ್ನು ತನಗೇ ಅರ್ಪಿಸಿಕೊಂಡು.

ಚರ್ಚಿಗೆ ಹೋಗುವ ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಓದಿದ ಕೂಡಲೇ "ಇದು ಶಿಲುಬೆ ಅಲ್ವಾ ಮೇಡಂ?" ಎಂದಳು. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಆತುರಪಡಬೇಡಿ. ನೇಣು ಮತ್ತು ಈಟಿಯಿಂದ ಓಡಿನ್‌ಗೆ ಬಲಿಯಾಗುವ ವಿಕಾರ್ ರಾಜನ ಕಥೆ ಬೇರೆಡೆ ಇದೆ. ಸ್ವೀಡನ್ನಿನ ಉಪ್ಸಾಲದ ತೋಪಿನಲ್ಲಿ ಹೆಣಗಳು ತೂಗುತ್ತಿದ್ದುದನ್ನು ಬ್ರೆಮೆನ್‌ನ ಆಡಂ 1070ರ ದಶಕದಲ್ಲೇ ಬರೆದಿದ್ದಾನೆ, ಅವನೂ ಪಾದ್ರಿಯೇ. ಅಂದರೆ ಚಿತ್ರ ಅಲ್ಲಿನದೇ ಇರಬಹುದು, ಬರೆದಿಟ್ಟವರ ಮನಸ್ಸಿನ ನೆರಳೂ ಬಿದ್ದಿರಬಹುದು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದಿಡಿ.

ಎರಡು ಧರ್ಮ ಎಂದರೆ ಎರಡು ಸೈನ್ಯ ಎಂದುಕೊಂಡವರಿಗೆ ನಾನು ತೋರಿಸುವುದು ಡೆನ್ಮಾರ್ಕಿನ ಟ್ರೆಂಡ್‌ಗಾರ್ಡನ್‌ನಲ್ಲಿ ಸಿಕ್ಕ ಬಳಪದ ಕಲ್ಲಿನ ಅಚ್ಚಿನ ಚಿತ್ರ. ಹತ್ತನೆಯ ಶತಮಾನದ್ದು. ಒಂದೇ ಕಲ್ಲಿನಲ್ಲಿ ಶಿಲುಬೆಯ ಗುಳಿಯೂ ಇದೆ, ಥಾರ್‌ನ ಸುತ್ತಿಗೆಯ ಗುಳಿಯೂ ಇದೆ. ಅಕ್ಕಸಾಲಿಗ ಬಂದ ಗಿರಾಕಿಗೆ ಬೇಕಾದ್ದನ್ನು ಎರಕ ಹೊಯ್ದು ಕೊಟ್ಟ. ಐಸ್‌ಲ್ಯಾಂಡಿನ ಹೆಲ್ಗಿ ಎಂಬ ವಲಸಿಗನಂತೂ ಕ್ರಿಸ್ತನನ್ನು ನಂಬಿದ್ದರೂ ಸಮುದ್ರಕ್ಕೆ ಇಳಿಯುವಾಗ ಥಾರ್‌ಗೆ ಹರಕೆ ಹೊರುತ್ತಿದ್ದನೆಂದು ಅವರ ವಲಸೆಯ ದಾಖಲೆಯಲ್ಲೇ ಇದೆ. ಈ ಪುಟಗಳು ನನಗೆ ಬಹಳ ಪ್ರಿಯ.

ಈಗಿನ ಕಾಲಕ್ಕೆ ಬರುವಾಗ ಎಚ್ಚರ ಬೇಕು. 1930ರ ದಶಕದಲ್ಲಿ ಆಸ್ಟ್ರೇಲಿಯಾದ ವಕೀಲ ಅಲೆಕ್ಸಾಂಡರ್ ರುಡ್ ಮಿಲ್ಸ್ ಓಡಿನ್ ಹೆಸರಿನಲ್ಲಿ ಪಂಥ ಕಟ್ಟಿದ. ಕ್ರೈಸ್ತ ಧರ್ಮವನ್ನು ಬೈದ, ಆದರೆ ಪ್ರಾರ್ಥನೆಯ ಕ್ರಮವನ್ನು ಆಂಗ್ಲಿಕನ್ ಚರ್ಚಿನ ಮಾದರಿಯಲ್ಲೇ ಹೊಲಿದ. ಯಹೂದಿ ದ್ವೇಷ ಅವನ ಬರಹದ ತುಂಬ ಇದೆ. 1973ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಡಿನಿಕ್ ರೈಟ್ ಸಂಸ್ಥೆಯವರು ಒಂಬತ್ತು ಸದ್ಗುಣಗಳ ಪಟ್ಟಿ ಮಾಡಿದರು. ಪ್ರಾಚೀನ ಶಾಸನದಂತೆ ಎಲ್ಲೆಡೆ ಹರಿದಾಡುವ ಆ ಪಟ್ಟಿ ಇಪ್ಪತ್ತನೆಯ ಶತಮಾನದ್ದು, ಓದುವಾಗ ಮೋಶೆಯ ಹತ್ತು ಆಜ್ಞೆಗಳು ನೆನಪಾಗದೆ ಇರುವುದಿಲ್ಲ.

ಇದಕ್ಕೆ ಬೇರೆಯಾದದ್ದು ಐಸ್‌ಲ್ಯಾಂಡಿನ ದಾರಿ. ಕವಿ, ಕುರಿ ಸಾಕುವ ರೈತ ಸ್ವೇನ್‌ಬ್ಯೋರ್ನ್ ಬೇಯಿನ್‌ಟೇಯಿನ್ಸನ್ 1972ರಲ್ಲಿ ಕಟ್ಟಿದ, ಹಳೆಯ ದೇವರುಗಳನ್ನು ನಂಬುವವರ ಆಸಾತ್ರು ಸಂಘಕ್ಕೆ ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು. ಅಲ್ಲಿ ಜನಾಂಗದ ಷರತ್ತಿಲ್ಲ. ಅಮೆರಿಕದ ಕೆಲವು ಗುಂಪುಗಳು ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುತ್ತವೆ. ಅವರ ವಿರುದ್ಧ 2016ರಲ್ಲಿ ಬೇರೆ ಹಲವು ಗುಂಪುಗಳು 'ಘೋಷಣೆ 127'ಕ್ಕೆ ಸಹಿ ಹಾಕಿದವು; ಆ ಸಂಖ್ಯೆ ಹಾವಮಾಲ್‌ನ ಪದ್ಯದ್ದೇ, ಕೇಡು ಕಂಡರೆ ಕೇಡೆಂದು ಹೇಳು ಎನ್ನುವ ಪದ್ಯ. ಯಾವ ಗುಂಪಿನ ಬರಹವೇ ಆಗಲಿ, ದೇವರಿಗಿಂತ ಮೊದಲು ರಕ್ತದ ಮಾತು ಬಂದರೆ ಅದನ್ನು ಅಲ್ಲಿಗೇ ಮಡಚಿಡಿ. ಹಿರಿಯರ ಮೇಲಿನ ಗೌರವ ಪಕ್ಕದವರ ಮೇಲಿನ ತಿರಸ್ಕಾರವಾಗಲು ಹೆಚ್ಚು ಹೊತ್ತು ಬೇಡ, ಕೊಡಗಿನವರಾದ ನಾವೂ ಇದನ್ನು ಮರೆಯಬಾರದು.

ಹೋಂಸ್ಟೇಗೆ ಬಂದ ಅತಿಥಿ ತಾನು ಓಡಿನ್ ಭಕ್ತನೆಂದರೆ "ನೀವೂ ನಮ್ಮವರೇ" ಎಂದು ಅಪ್ಪಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ನಿಮ್ಮ ಅಜ್ಜಿ ಯಾವ ಚರ್ಚಿಗೆ ಹೋಗುತ್ತಿದ್ದರು? ನಿಮ್ಮ ಪೂಜೆಗೆ ನನ್ನಂಥವಳು ಬರಬಹುದೇ? ಮೊದಲನೆಯದಕ್ಕೆ ಸಾಮಾನ್ಯವಾಗಿ ದೊಡ್ಡ ಕಥೆಯೇ ಬರುತ್ತದೆ, ಸಮಾಧಾನದಿಂದ ಕೇಳಿ. ಎರಡನೆಯದಕ್ಕೆ ಉತ್ತರ ಹೌದು ಎಂದಾದರೆ ಐನ್‌ಮನೆಗೂ ಕರೆದುಕೊಂಡು ಹೋಗಿ.