ಅಪ್ಪನಿಗೆ 'ದೇ' ಅಲ್ಲ, 'ಹಿ': ಇಂಗ್ಲಿಷ್ ಸರ್ವನಾಮ ಬಳಸುವುದು ಹೇಗೆ?

'ಮೈ ಫಾದರ್ ಈಸ್ ಇನ್ ಶಿರಸಿ. ದೇ ಆರ್ ಕಮಿಂಗ್ ಟುಮಾರೋ.' ಮಕ್ಕಳು ಹೀಗೆ ಬರೆದರೆ ಬೈಯಬೇಡಿ. ಅದರಲ್ಲಿ ವ್ಯಾಕರಣಕ್ಕಿಂತ ಮರ್ಯಾದೆ ಜಾಸ್ತಿ ಇದೆ, ಅಷ್ಟೇ. ಸರ್ವನಾಮದ ವಿಧಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕನ್ನಡದ ರೂಢಿ ಎಲ್ಲೆಲ್ಲಿ ಅಡ್ಡ ಬರುತ್ತದೆ ಎಂದು ತೋರಿಸಿದರೆ ಬೇಗ ಹಿಡಿತಕ್ಕೆ ಸಿಗುತ್ತದೆ.

1. ಸಾಲು ಬರೆದುಕೊಳ್ಳಿ. ಐ, ಮಿ, ಮೈ, ಮೈನ್, ಮೈಸೆಲ್ಫ್. ಹಿ, ಹಿಮ್, ಹಿಸ್, ಹಿಸ್, ಹಿಮ್‌ಸೆಲ್ಫ್. ಉಳಿದವನ್ನೂ ಹೀಗೇ ಬರೆದು ಗೋಡೆಗೆ ಅಂಟಿಸಿ.

2. ಕರ್ತೃವನ್ನು ನುಂಗಬೇಡಿ. 'ಕುಮಟೆಗೆ ಹೋಗಿದ್ದೆ, ಬಂಗಡೆ ತಂದೆ' ಅಂದರೆ ಯಾರು ಅಂತ ಕೇಳಬೇಕಿಲ್ಲ. ಕ್ರಿಯಾಪದದ ಕೊನೆಯೇ ಹೇಳುತ್ತದೆ. ಇಂಗ್ಲಿಷಿನ 'ವೆಂಟ್' ಹಾಗಲ್ಲ. ನಾನು, ನೀನು, ಅವರು ಯಾರೂ ಆಗಬಹುದು. ಹಾಗಾಗಿ 'ಐ ವೆಂಟ್' ಎಂದೇ ಬರೆಯಬೇಕು. ಮಳೆಗೂ ಒಬ್ಬ ಕರ್ತೃ ಬೇಕು: 'ಇಟ್ ಈಸ್ ರೇನಿಂಗ್'. ಆ 'ಇಟ್' ಯಾವುದು ಅಂತ ಹುಡುಕಬೇಡಿ, ಸುಮ್ನೆ ಜಾಗ ತುಂಬಲು ಬಂದದ್ದು.

3. ಬಹುವಚನದ ಮರ್ಯಾದೆ ಬಿಡಿ. ಅಪ್ಪ, ಮಾಸ್ತರು, ಡಿಸಿ ಸಾಹೇಬರು, ಒಬ್ಬರೇ ಇದ್ದರೆ 'ಹಿ'. ಅಕ್ಕೋರಿಗೆ 'ಶಿ'. ಎದುರಿಗಿದ್ದವರಿಗೆ ಮಾತ್ರ ಈ ತಾಪತ್ರಯವಿಲ್ಲ, ಎಲ್ಲರಿಗೂ 'ಯೂ'. ಮೊದಲು ಇಂಗ್ಲಿಷಿನಲ್ಲೂ ನಮ್ಮ 'ನೀನು'ವಿನ ಹಾಗೆ 'ದೌ' ಇತ್ತು. ಅದು ಬಳಕೆ ತಪ್ಪಿ 'ಯೂ' ಉಳಿಯಿತು.

4. 'ನನಗೆ' ಕಂಡ ಕೂಡಲೇ 'ಮಿ' ಬೇಡ. ನನಗೆ ಹಸಿವಾಗಿದೆ ಎಂಬುದು 'ಐ ಆಮ್ ಹಂಗ್ರಿ'. ನನಗೆ ಗೊತ್ತು ಎಂಬುದು 'ಐ ನೋ'. ಇಬ್ಬರಿದ್ದಾಗ ಗೊಂದಲವಾದರೆ ಜೊತೆಗಿದ್ದವರನ್ನು ತೆಗೆದು ಓದಿ. 'ದ ಕಂಡಕ್ಟರ್ ಕಾಲ್ಡ್ ಮೈ ಬ್ರದರ್ ಆಂಡ್ ಐ' ಸರಿಯೇ? ತಮ್ಮನನ್ನು ಇಳಿಸಿ ನೋಡಿ: 'ಕಾಲ್ಡ್ ಐ' ಆಗುವುದಿಲ್ಲ ಅಲ್ವಾ? ಹಾಗಾದರೆ ಅಲ್ಲಿ 'ಮಿ' ಬರಬೇಕು.

'ಮೈಸೆಲ್ಫ್ ರವಿ' ಎಂದು ಪರಿಚಯ ಮಾಡಿಕೊಳ್ಳುವುದೂ ಬೇಡ. 'ಐ ಆಮ್ ರವಿ' ಸಾಕು. ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ ಆದಾಗ 'ಮೈಸೆಲ್ಫ್': 'ಐ ಕಟ್ ಮೈಸೆಲ್ಫ್'. ನಾನೇ ಮಾಡಿದೆ ಎಂದು ಒತ್ತಿ ಹೇಳಲೂ ಅದು ಬರುತ್ತದೆ.

5. ಯಾರದು ಅಂತ ಕೇಳಿಕೊಳ್ಳಿ. 'ವಿನಯ್ ಟೋಲ್ಡ್ ಗಣೇಶ್ ದ್ಯಾಟ್ ಹಿಸ್ ಬೋಟ್ ವಾಸ್ ಲೀಕಿಂಗ್.' ನೀರು ನುಗ್ಗಿದ್ದು ಯಾರ ದೋಣಿಗೆ? ಕನ್ನಡದಲ್ಲಿ 'ತನ್ನ ದೋಣಿ' ಎಂದರೆ ವಿನಯನದು ಎಂದು ತಿಳಿಯುತ್ತದೆ. 'ಹಿಸ್' ಅಷ್ಟು ಬಿಡಿಸಿ ಹೇಳುವುದಿಲ್ಲ. ಅಂಥ ಕಡೆ ಹೆಸರನ್ನೇ ಮತ್ತೊಮ್ಮೆ ಬರೆಯಿರಿ, ಚೆಂದ ಕಾಣದಿದ್ದರೂ ಅಡ್ಡಿಯಿಲ್ಲ.

ಕಾರವಾರದ ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆಯ ಬಗ್ಗೆ ಪ್ರಬಂಧ ಬರೆಯುವವರಿಗೆ ಒಂದು ಮಾತು. ಹಡಗಿಗೆ 'ಶಿ' ಎನ್ನುವುದು ಇಂಗ್ಲಿಷಿನ ಹಳೆ ರೂಢಿ. ಹಡಗು ವ್ಯವಹಾರದ ಪತ್ರಿಕೆ ಲಾಯ್ಡ್ಸ್ ಲಿಸ್ಟ್ 2002ರಲ್ಲೇ ಅದನ್ನು ಕೈಬಿಟ್ಟಿತು. ನೀವೂ 'ಇಟ್' ಎಂದೇ ಬರೆಯಿರಿ.

6. ಒಬ್ಬರಿಗೂ 'ದೇ' ಸಲ್ಲುವ ಜಾಗ. ಶಿರಸಿ ಬಸ್ಸಿನಲ್ಲಿ ಯಾರೋ ಕೊಡೆ ಮರೆತಿದ್ದಾರೆ. ಗಂಡೋ ಹೆಣ್ಣೋ ತಿಳಿಯದು. ಆಗ 'ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ' ಸರಿ. ಇದು ಶತಮಾನಗಳ ಹಿಂದಿನ ಬಳಕೆ. ಒಬ್ಬರನ್ನೇ ಸೂಚಿಸುವ 'ದೇ' ಬಳಕೆ ಹೆಚ್ಚಿದ್ದರಿಂದ ಮೆರಿಯಂ ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನು ವರ್ಷದ ಪದವಾಗಿ ಆರಿಸಿತ್ತು.

7. ಅಪಾಸ್ಟ್ರಫಿ, ಅಂದರೆ ಅಕ್ಷರದ ಮೇಲ್ಬದಿಗೆ ಹಾಕುವ ಪುಟ್ಟ ಕೊಕ್ಕೆ ಗುರುತು. 'ಅದರ' ಎಂಬ ಅರ್ಥದ 'ಇಟ್ಸ್'ಗೆ ಅದು ಬೇಡ. 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಬಿಡಿಸಿ ಓದಲು ಬಂದರೆ ಮಾತ್ರ ಹಾಕಿ. ಯುವರ್ಸ್, ಅವರ್ಸ್, ಹರ್ಸ್, ದೇರ್ಸ್‌ಗೂ ಬೇಡ. ರಜಾ ಅರ್ಜಿಯ ಕೊನೆಯ 'ಯುವರ್ಸ್ ಫೇತ್‌ಫುಲಿ'ಯಲ್ಲೂ ಅಷ್ಟೇ.