ಮಾಲ್ಟ್ ಒಡೆಯುವುದು: ಕಾಳು ನುಚ್ಚಾಗಬೇಕು, ಹೊಟ್ಟು ಉಳಿಯಬೇಕು

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಹೆಚ್ಚಾಗಿ ಬಾರ್ಲಿ. ಅದನ್ನು ಒಡೆಯುವ ಮಿಲ್ಲನ್ನು ಹಿಟ್ಟಿನ ಗಿರಣಿ ಅಂದುಕೊಂಡರೆ ಅಲ್ಲಿಗೇ ಕೆಟ್ಟಿತು. ಬಿಯರಿಗೆ ಬೇಕಿರುವುದು ನುಚ್ಚು. ಬಾರ್ಲಿಯ ಒಳಗಿನ ಬಿಳಿ ಭಾಗ ನಾಲ್ಕೈದು ಚೂರಾಗಿ ಹೊರಬೀಳಬೇಕು, ಮೇಲಿನ ಹೊಟ್ಟು ಆದಷ್ಟು ಇಡಿಯಾಗಿರಬೇಕು. ಬಿಸಿನೀರಲ್ಲಿ ನೆನೆಸಿ ಸಿಹಿ ರಸ ಬಸಿಯುವಾಗ ಆ ಹೊಟ್ಟೇ ಜರಡಿ. ಅದು ಪುಡಿಯಾದರೆ ತಳ ಗಂಜಿಯಂತೆ ಕಟ್ಟಿಕೊಂಡು ನಲ್ಲಿಯಲ್ಲಿ ತೊಟ್ಟೂ ಇಳಿಯುವುದಿಲ್ಲ. ಮಿಕ್ಸಿಯಲ್ಲಿ ಆಗುವುದೂ ಇದೇ: ಅರ್ಧ ಹಿಟ್ಟು, ಅರ್ಧ ಇಡಿ ಕಾಳು.

ನಾನು ಅಮೆರಿಕದಲ್ಲಿ 20 ಲೀಟರ್ ಬಿಯರಿಗೆ ಸುಮಾರು 5 ಕೆಜಿ ಮಾಲ್ಟನ್ನು ಎರಡು ರೋಲರಿನ ಮಿಲ್ಲಿನಲ್ಲಿ ಒಡೆಯುತ್ತೇನೆ. (ಊರಿನವರು ಗಮನಿಸಿ: ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ.) ರೋಲರುಗಳ ನಡುವಿನ ಸಂದು 1 ಮಿಮೀ. ಮಿಲ್ಲಿನ ಮೇಲಿನ ಗುರುತನ್ನು ನಂಬುವುದಿಲ್ಲ. ಮೆಕ್ಯಾನಿಕ್‌ಗಳು ಸಂದು ಅಳೆಯಲು ಬಳಸುವ ಫೀಲರ್ ಗೇಜನ್ನು (ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿ) ಎರಡೂ ತುದಿಯಲ್ಲಿ ತೂರಿಸಿ ನೋಡುತ್ತೇನೆ. ಒಂದು ತುದಿ 0.9, ಇನ್ನೊಂದು 1.2 ಇದ್ದರೆ ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಒಡೆಯದ ಕಾಳು. ಗೇಜ್ ಇಲ್ಲದವರಿಗೆ ಎಟಿಎಂ ಕಾರ್ಡು ಅಂದಾಜಿಗೆ ಸಾಕು, ಅದರ ದಪ್ಪ 0.76 ಮಿಮೀ, ಸಂದು ಅದಕ್ಕಿಂತ ತುಸು ಅಗಲವಿರಲಿ.

ಅಂಕಿಗಿಂತ ಕಣ್ಣು ಮುಖ್ಯ. ಮೊದಲ ಹಿಡಿಯನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಮೆಲ್ಲಗೆ ಊದಿ. ಹೊಟ್ಟು ಹಾರಿ ಬದಿಗೆ ಹೋದಾಗ ಉಳಿದದ್ದು ಹೆಚ್ಚಾಗಿ ಇಡ್ಲಿ ರವೆಯಷ್ಟು ತರಿಯಿದ್ದು, ಸ್ವಲ್ಪವೇ ಹಿಟ್ಟಿರಬೇಕು. ಹೊಟ್ಟನ್ನು ಬೆರಳಲ್ಲಿ ಹಿಸುಕಿದರೆ ಖಾಲಿ ಚೀಲದಂತಿರಬೇಕು. ತುದಿಯಲ್ಲಿ ಗಟ್ಟಿ ಉಳಿದಿದ್ದರೆ ಸಂದು ಇನ್ನೊಂದು ಕೂದಲೆಳೆ ತಗ್ಗಿಸಿ. ಇಡಿ ಕಾಳು ನೂರಕ್ಕೆ ಐದಾರು ಕಂಡರೂ ನನಗೆ ಜಾಸ್ತಿ. ಅದರಲ್ಲಿನ ಪಿಷ್ಟ ಸಕ್ಕರೆಯಾಗುವುದೇ ಇಲ್ಲ, ರಸದ ಸಕ್ಕರೆ ಅಳೆಯುವ ಹೈಡ್ರೋಮೀಟರ್ 1.050 ತೋರಿಸಬೇಕಾದಲ್ಲಿ 1.047ಕ್ಕೆ ನಿಂತುಬಿಡುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನೀರು ಚಿಮುಕಿಸುವುದು. 5 ಕೆಜಿಗೆ 100 ಮಿಲಿ, ಅಂದರೆ ನೂರಕ್ಕೆ ಎರಡು. ಸ್ಪ್ರೇ ಬಾಟಲಿಯಲ್ಲಿ ನಾಲ್ಕು ಸಲಕ್ಕೆ ಹಂಚಿ, ಪ್ರತಿ ಸಲ ಕೈಯಿಂದ ತಿರುವಿ, ಹತ್ತು ನಿಮಿಷ ಬಿಡಿ. ಹೊಟ್ಟು ಮೆತ್ತಗಾಗಿ ಚರ್ಮದಂತೆ ಬಾಗುತ್ತದೆ, ಒಳಗಿನ ಕಾಳು ಒಣಗಿಯೇ ಇರುತ್ತದೆ. ಕೈಯಾಡಿಸಿದಾಗ ಗಲಗಲ ಸದ್ದು ತಗ್ಗಿದರೆ ಹದ ಬಂದಂತೆ. ನೀರು ಹೆಚ್ಚಾದರೆ ಹಿಟ್ಟು ರೋಲರಿನ ಗೀರುಗಳಿಗೆ ಮೆತ್ತಿಕೊಂಡು ಕಾಳು ಹಿಡಿಯದೆ ಜಾರುತ್ತದೆ. ಹೀಗೆ ಒಡೆದದ್ದನ್ನು ಅಂದೇ ಬಳಸಿ, ಇಟ್ಟರೆ ಮುಗ್ಗುತ್ತದೆ.

ಡ್ರಿಲ್ ಜೋಡಿಸುವುದಾದರೆ ನಿಮಿಷಕ್ಕೆ 200 ಸುತ್ತು ಮೀರಬೇಡಿ, ವೇಗ ಹೆಚ್ಚಾದಷ್ಟೂ ಹೊಟ್ಟು ಹರಿದು ಚೂರಾಗುತ್ತದೆ. ಮೊದಲು ರೋಲರ್ ತಿರುಗಿಸಿ, ಆಮೇಲೆ ಕಾಳು ಸುರಿಯಿರಿ. ತುಂಬಿಸಿ ಚಾಲೂ ಮಾಡಿದರೆ ಸಿಕ್ಕಿಕೊಳ್ಳುತ್ತದೆ. ಗೋಧಿ ಮಾಲ್ಟ್ ಸಣ್ಣದು, ಗಟ್ಟಿ, ಹೊಟ್ಟೂ ಇಲ್ಲ. ಅದನ್ನು ಬೇರೆಯಾಗಿ 0.8 ಮಿಮೀ ಸಂದಿನಲ್ಲಿ ಒಡೆದು, ತೊಳೆದ ಭತ್ತದ ಹೊಟ್ಟು ಕಾಲು ಕೆಜಿ ಸೇರಿಸುತ್ತೇನೆ. ಬಟ್ಟೆ ಚೀಲದಲ್ಲೇ ನೆನೆಸುವವರು ಬಾರ್ಲಿಯನ್ನೂ 0.7ಕ್ಕೆ ಇಳಿಸಬಹುದು, ಸೋಸುವ ಕೆಲಸ ಬಟ್ಟೆಯದು.

ಹುದುಗುವ ಪಾತ್ರೆ ಇರುವ ಕೋಣೆಯಲ್ಲಿ ಮಾತ್ರ ಒಡೆಯಬೇಡಿ. ಮಾಲ್ಟಿನ ಧೂಳಲ್ಲಿ ಹುಳಿ ಹಿಡಿಸುವ ಬ್ಯಾಕ್ಟೀರಿಯಾ ಇರುತ್ತವೆ. ಕೊನೆಗೆ ಒಂದು ಹಿಡಿ ಒಣ ಮಾಲ್ಟ್ ಹಾಯಿಸಿ, ಬ್ರಷ್‌ನಿಂದ ಉಜ್ಜಿ. ರೋಲರನ್ನು ನೀರಲ್ಲಿ ತೊಳೆಯಬೇಡಿ, ತುಕ್ಕು ಹಿಡಿಯುತ್ತದೆ.