ತವರಿನ ಪಿನ್‌ಕೋಡ್ ಬಿಡಿಸುವ ಬಗೆ

ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ ಅಮ್ಮನಿಗೆ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದೆ. ವಿಳಾಸದ ಕೊನೆಗೆ ಶ್ರೀರಂಗಪಟ್ಟಣ, 571438. ಎಷ್ಟೋ ವರ್ಷ ಬರೆದೆ. ಆ ಸಂಖ್ಯೆಯ ಒಳಗೇನಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ಈಗ ಮನೆಪಾಠಕ್ಕೆ ಬರುವ ಮಕ್ಕಳಿಗೆ ಅಪವರ್ತನ ಹೇಳಿಕೊಡುವಾಗ ಮೊದಲು ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ನೀವೂ ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ಕ್ಯಾಲ್ಕುಲೇಟರ್ ಬೇಡ.

ಸಮಸಂಖ್ಯೆ, ಆದ್ದರಿಂದ 2ರಿಂದ ಭಾಗ ಹೋಗುತ್ತದೆ. ಅಂಕಿಗಳನ್ನು ಕೂಡಿದರೆ 28, ಹಾಗಾಗಿ 3ರಿಂದ ಹೋಗದು. ಕೊನೆಯ ಅಂಕಿ 8, 5ರಿಂದಲೂ ಹೋಗದು.

7ಕ್ಕೆ ಬಂದಾಗ ಸಂಖ್ಯೆಯನ್ನು ನಡುವೆ ಸೀಳಿ: 571, 438. ಒಂದರಿಂದ ಇನ್ನೊಂದನ್ನು ಕಳೆಯಿರಿ, 133. ಇದು ಏಕೆ ನಡೆಯುತ್ತದೆ ಅಂದರೆ, 571571 ಎನ್ನುವುದು 571 × 1001. ಅದರಲ್ಲಿ 133 ಕಳೆದರೆ ನಮ್ಮ 571438. 1001 ಅಂದರೆ 7 × 11 × 13. ಹಾಗಾಗಿ ಆ 133 ಒಂದನ್ನೇ ಪರೀಕ್ಷಿಸಿದರೆ ಮೂರಕ್ಕೂ ಉತ್ತರ ಸಿಕ್ಕಿತು. 133 ಅಂದರೆ 7 × 19. 11 ಇಲ್ಲ, 13 ಇಲ್ಲ, 7 ಇದೆ.

ಈಗ 7ರಿಂದ ಭಾಗಿಸಿ: 81634. ನಿಲ್ಲಿಸಬೇಡಿ, ಮತ್ತೆ ಭಾಗಿಸಿ. 11662. ಮತ್ತೆ, 1666. ಮತ್ತೆ, 238. ಮತ್ತೆ, 34. ಐದು ಸಲವೂ ಶೇಷ ಸೊನ್ನೆ! ಮೊದಲ ಸಲ ಮಾಡಿದಾಗ ನಂಬಲಾಗದೆ ತಿರುಗಿ ಗುಣಿಸಿ ನೋಡಿದ್ದೆ. 34 ಅಂದರೆ 2 × 17. ಐದು ಏಳುಗಳ ಗುಣಲಬ್ಧ 16807, ಅದರ ಅಪವರ್ತ್ಯಗಳು ಅಷ್ಟಷ್ಟು ದೂರದಲ್ಲೇ ಬರುವುದರಿಂದ 571ರಿಂದ ಶುರುವಾಗುವ ಬೇರೆ ಯಾವ ಪಿನ್‌ಕೋಡಿಗೂ ಈ ಗುಣ ಇಲ್ಲ.

ಮಕ್ಕಳಿಗೆ ಇದನ್ನು ಕಬ್ಬಿನಲ್ಲಿ ಹೇಳುತ್ತೇನೆ. 571438 ಜಲ್ಲೆ ಇವೆ, ಏಳೇಳರ ಕಟ್ಟು ಕಟ್ಟಿ. ಒಂದು ಜಲ್ಲೆಯೂ ಮಿಗುವುದಿಲ್ಲ. ಆ ಕಟ್ಟುಗಳನ್ನೇ ಏಳೇಳು ಸೇರಿಸಿ ದೊಡ್ಡ ಕಟ್ಟು ಮಾಡಿ, ಆಗಲೂ ಮಿಗುವುದಿಲ್ಲ. ಹೀಗೆ ಐದು ಸುತ್ತು. ಆರನೇ ಸುತ್ತಿಗೆ 34 ಕಟ್ಟು ಇರುತ್ತವೆ: ಏಳರಂತೆ ನಾಲ್ಕು, ಮಿಕ್ಕಿದ್ದು ಆರು. ನಾವು ಹತ್ತರ ಬದಲು ಏಳರಲ್ಲಿ ಎಣಿಸುವವರಾಗಿದ್ದರೆ ನನ್ನ ತವರಿನ ಪಿನ್ 4600000 ಆಗುತ್ತಿತ್ತು.

ಅಪವರ್ತನ ಎಷ್ಟು ಅಂತ ಎಣಿಸುವುದು ಸುಲಭ. 2 ಬೇಕೋ ಬೇಡವೋ, ಎರಡು ದಾರಿ, 17ಕ್ಕೂ ಎರಡು, 7ನ್ನು ಸೊನ್ನೆಯಿಂದ ಐದು ಸಲ ತಗೊಳ್ಳಬಹುದು, ಆರು ದಾರಿ. ಒಟ್ಟು 24.

ಇಷ್ಟಾದ ಮೇಲೆ ಮಂಡ್ಯದ 571401 ಹಿಡಿಯಿರಿ. 3ರಿಂದ ಮೂರು ಸಲ ಹೋಗಿ 21163 ಉಳಿಯುತ್ತದೆ, ಅಲ್ಲಿ ತಾಳ್ಮೆ ಬೇಕು. ಅದರ ವರ್ಗಮೂಲ 146ಕ್ಕಿಂತ ಕಡಿಮೆ, ಆದ್ದರಿಂದ 139ರವರೆಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ನೋಡಿದರೆ ಸಾಕು. 37ರಲ್ಲಿ ಎಲ್ಲ ಮಕ್ಕಳೂ ಸಿಕ್ಕಿತು ಅಂತ ಕೂಗುತ್ತಾರೆ. 37 × 572 ಅಂದರೆ 21164, ಒಂದು ಹೆಚ್ಚು. ಮುಂದಕ್ಕೆ ಹೋಗಿ. 139 ಮುಗಿದರೂ ಯಾವುದರಿಂದಲೂ ಭಾಗ ಹೋಗಿರುವುದಿಲ್ಲ; 21163 ಅವಿಭಾಜ್ಯ.